ಕನ್ನಡ ಬರೆಯುವಾಗ ನಿಮ್ಮ ಕೈ ಎಲ್ಲಿ ನಿಲ್ಲುತ್ತೆ? ಇಂಗ್ಲಿಷ್ ಬರೆಯುವಾಗ?

ಅಮಾನಿಕೆರೆ (ತುಮಕೂರು)

ಹದಿನೈದು ದಿನದಿಂದ ಒಂದು ವಿಷಯ ತಲೆ ತಿನ್ನುತ್ತಿದೆ, ಇಲ್ಲಿ ಹಾಕಿಬಿಡುತ್ತೇನೆ.

ನಾನು ಪದವಿ ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಹೇಳುವವಳು. ಮೊನ್ನೆ ಪರೀಕ್ಷೆ ಮೇಲ್ವಿಚಾರಣೆಗೆ ಹಾಕಿದ್ದರು. ಒಂದೇ ಕೋಣೆ, ಅರ್ಧ ಮಕ್ಕಳು ಕನ್ನಡದಲ್ಲಿ ಉತ್ತರ ಬರೆಯುವವರು, ಇನ್ನರ್ಧ ಇಂಗ್ಲಿಷಿನಲ್ಲಿ. ಮೊಬೈಲ್ ಮುಟ್ಟುವ ಹಾಗಿಲ್ಲ, ಓದುವ ಹಾಗಿಲ್ಲ. ಬೇರೆ ಕೆಲಸವಿಲ್ಲದೆ ಪೆನ್ನುಗಳನ್ನೇ ನೋಡುತ್ತಾ ನಿಂತೆ. ಕನ್ನಡ ಬರೆಯುವವರು ಪೆನ್ನು ಎತ್ತಿದರೆ ಕಿಟಕಿಯಾಚೆ ನೋಡುತ್ತಾರೆ. ಇಂಗ್ಲಿಷ್ ಬರೆಯುವವರು ಪೆನ್ನು ಎತ್ತಿದರೆ ಆಗತಾನೇ ಬರೆದ ಪದವನ್ನೇ ದಿಟ್ಟಿಸುತ್ತಾರೆ. ಎಲ್ಲರೂ ಅಲ್ಲ ಅನ್ನಿ. ಆದರೆ ಒಮ್ಮೆ ಕಣ್ಣಿಗೆ ಬಿದ್ದ ಮೇಲೆ ಬೇರೇನೂ ಕಾಣಲಿಲ್ಲ.

ಮನೆಗೆ ಬಂದು ಹುಡುಕಿದರೆ ಇದನ್ನೇ ಕಸುಬು ಮಾಡಿಕೊಂಡವರಿದ್ದಾರೆ! ಬೆಲ್ಜಿಯಂನ ಆಂಟ್ವರ್ಪ್ ವಿಶ್ವವಿದ್ಯಾಲಯದಲ್ಲಿ ಇನ್‌ಪುಟ್‌ಲಾಗ್ ಅಂತ ಒಂದು ತಂತ್ರಾಂಶ ಮಾಡಿದ್ದಾರೆ. ನೀವು ಬರೆಯುತ್ತಿದ್ದ ಹಾಗೆ ಯಾವ ಕೀಲಿ ಯಾವಾಗ ಒತ್ತಿದಿರಿ, ಎರಡು ಕೀಲಿಗಳ ನಡುವೆ ಎಷ್ಟು ಹೊತ್ತು ಸುಮ್ಮನಿದ್ದಿರಿ, ಏನು ಅಳಿಸಿದಿರಿ, ಎಲ್ಲವೂ ಅದರಲ್ಲಿ ದಾಖಲಾಗುತ್ತದೆ. ಅನುವಾದಕರಿಗಾಗಿ ಕೋಪನ್‌ಹೇಗನ್‌ನವರು ಟ್ರಾನ್ಸ್‌ಲಾಗ್ ಮಾಡಿದ್ದಾರೆ. ಸ್ವೀಡನ್‌ನವರ ಸ್ಕ್ರಿಪ್ಟ್‌ಲಾಗ್ ಬೇರೆ. ಇಂಥ ಅಧ್ಯಯನಗಳಲ್ಲಿ ಸಾಮಾನ್ಯವಾಗಿ ಎರಡು ಸೆಕೆಂಡಿಗಿಂತ ಹೆಚ್ಚು ಸುಮ್ಮನಿದ್ದರೆ ಅದನ್ನು 'ನಿಲುಗಡೆ' ಅಂತ ಎಣಿಸುತ್ತಾರೆ. ಅದಕ್ಕಿಂತ ಬಹಳ ಸಣ್ಣ ಗೆರೆ ಹಾಕಿಕೊಂಡವರೂ ಇದ್ದಾರೆ.

ಅವರು ಕಂಡಿದ್ದು ಒಟ್ಟಾರೆ ಹೀಗೆ. ಪದದೊಳಗಿನ ನಿಲುಗಡೆ ತೀರಾ ಚಿಕ್ಕದು, ಪದಗಳ ನಡುವಿನದು ಸ್ವಲ್ಪ ದೊಡ್ಡದು, ವಾಕ್ಯಗಳ ನಡುವಿನದು ಇನ್ನೂ ದೊಡ್ಡದು, ಪ್ಯಾರಾ ಬದಲಾಗುವಲ್ಲಿ ಎಲ್ಲಕ್ಕಿಂತ ದೊಡ್ಡದು. ಸ್ವಂತ ಭಾಷೆಯಲ್ಲಿ ಈ ಮೆಟ್ಟಿಲು ಚೆನ್ನಾಗಿ ಕಾಣುತ್ತದೆ. ಕಲಿತ ಭಾಷೆಗೆ ಬಂದರೆ ಕೆಳಗಿನ ಮೆಟ್ಟಿಲಲ್ಲೇ ಕಾಲು ಸಿಕ್ಕಿಕೊಳ್ಳುತ್ತದೆ. ಪದದ ಮುಂದೆ, ಪದದ ನಡುವೆ, ಕಾಗುಣಿತದಲ್ಲಿ.

ನನ್ನ ಮಕ್ಕಳು ಪೆನ್ನಿನ ಮೊನೆ ನೋಡುತ್ತಿದ್ದುದು ಅದಕ್ಕೇ ಅಂತ ನನಗೆ ಅನ್ನಿಸಿತು. ನಿಮ್ಮ ಅನುಭವ ಏನು? ದಯವಿಟ್ಟು 'ಇಂಗ್ಲಿಷ್ ಗುಲಾಮಗಿರಿ' ಭಾಷಣ ಬೇಡ, ಅದು ಬೇರೆ ಕಡೆ ಬೇಕಾದಷ್ಟಿದೆ.

ಕೊಬ್ಬರಿಗಿಟುಕು (ತಿಪಟೂರು)

ನಾನು ಇಂಗ್ಲಿಷಲ್ಲಿ ನಿಲ್ಲೋದೇ ಇಲ್ಲ ಮೇಡಂ. ಶುರುನೇ ಮಾಡಲ್ವಲ್ಲ.

ಕೀಲಿಮಣೆ (ಕೋಲಾರ)

ಮೂವತ್ತು ವರ್ಷದಿಂದ ಡಿಟಿಪಿ ಮಾಡ್ತಾ ಇದೀನಿ. ಲಗ್ನಪತ್ರಿಕೆ, ಕರಪತ್ರ, ಪಿಎಚ್‌ಡಿ ಪ್ರಬಂಧ, ಎಲ್ಲಾ. ಆ ಎರಡು ಸೆಕೆಂಡಿನ ಲೆಕ್ಕದ ಬಗ್ಗೆ ಒಂದು ತಕರಾರಿದೆ.

ಇಂಗ್ಲಿಷಲ್ಲಿ ಒಂದು ಅಕ್ಷರಕ್ಕೆ ಒಂದು ಕೀಲಿ. ನಮ್ಮಲ್ಲಿ 'ಸ್ತ್ರೀ' ಬರೀಬೇಕು ಅಂದ್ರೆ ನುಡಿ ತಂತ್ರಾಂಶದಲ್ಲಿ ಸ, ಎಫ್, ತ, ಎಫ್, ರ, ಆಮೇಲೆ ದೀರ್ಘ. ಒತ್ತಕ್ಷರ ಕೊಡೋ ಕೊಂಡಿ ಅಲ್ಲಿ ಎಫ್ ಕೀಲಿ. ಇನ್‌ಸ್ಕ್ರಿಪ್ಟ್ ಅನ್ನೋ ಇನ್ನೊಂದು ಕೀಲಿ ವಿನ್ಯಾಸದಲ್ಲಿ ಅದೇ ಕೊಂಡಿ ಡಿ ಕೀಲಿ. ಕಣ್ಣಿಗೆ ಒಂದೇ ಅಕ್ಷರ, ಬೆರಳಿಗೆ ಆರು ಏಟು. ಹೊಸಬರು ನಿಲ್ಲೋದು ಪದ ಗೊತ್ತಿಲ್ಲದೆ ಅಲ್ಲ, ಎಫ್ ಎಲ್ಲಿ ಹಾಕೋದು ಅಂತ. ಅದನ್ನ 'ಭಾಷೆ ಬರಲ್ಲ' ಅಂತ ಲೆಕ್ಕಕ್ಕೆ ತಗೊಂಡ್ರೆ ಅನ್ಯಾಯ. ನನ್ನ ಅಂಗಡೀಲಿ ಎಂ.ಎ. ಕನ್ನಡ ಓದಿದ ಹುಡುಗಿ 'ಲಕ್ಷ್ಮಿ' ಅಂತ ಬರೆಯೋಕೆ ಉಸಿರು ಬಿಗಿಹಿಡೀತಿದ್ಲು. ಪೆನ್ ಕೊಟ್ರೆ ಕಣ್ಮುಚ್ಚಿ ಬರೀತಾಳೆ.

ಇನ್ನೊಂದು ಮಾತು. ಬೇರೆಯವರ ಹಸ್ತಪ್ರತಿ ನೋಡಿ ಬಡಿಯೋವಾಗ ನಾನು ನಿಲ್ಲೋದು ಅವರ ಕೈಬರಹ ಅರ್ಥವಾಗದೆ ಇದ್ದಾಗ ಮಾತ್ರ. ಈ ಪೋಸ್ಟ್ ಬರೀಬೇಕಾದ್ರೆ ಮಾತ್ರ ನಾಲ್ಕು ಸಲ ಎದ್ದು ಹೋಗಿ ನೀರು ಕುಡಿದು ಬಂದೆ.

ಅಮಾನಿಕೆರೆ (ತುಮಕೂರು)

@ಕೀಲಿಮಣೆ ಇದು ನನಗೆ ಹೊಳೆದೇ ಇರಲಿಲ್ಲ. ನಾನು ಓದಿದ ಅಧ್ಯಯನಗಳೆಲ್ಲ ರೋಮನ್ ಅಕ್ಷರದವು. ಅಲ್ಲಿ 'ಪದದೊಳಗಿನ ನಿಲುಗಡೆ' ಅಂದರೆ ಬಹುಮಟ್ಟಿಗೆ ಕಾಗುಣಿತದ ತೊಡಕು. ಇಲ್ಲಿ ಅಕ್ಷರದೊಳಗೇ ನಿಲುಗಡೆ ಇದೆ. ಮೊದಲು ಸುಮ್ಮನೆ ನೋಡಿಕೊಂಡು ಬಡಿಯಲು ಕೊಟ್ಟು, ಅಲ್ಲಿನ ವೇಗ ಅಳೆದು, ಆಮೇಲೆ ಸ್ವಂತ ಬರಹದ್ದನ್ನು ಅದರ ಜೊತೆ ಹೋಲಿಸಿದರೆ ಬೆರಳಿನ ಪಾಲು ಎಷ್ಟು, ತಲೆಯ ಪಾಲು ಎಷ್ಟು ಅಂತ ಬೇರೆ ಮಾಡಬಹುದೇನೋ.

ಗಡಿಮನೆ (ಬಾಗೇಪಲ್ಲಿ)

ಮೇಡಂ, ನಿಮ್ಮ ಪ್ರಶ್ನೆಯಲ್ಲೇ ಒಂದು ತೊಂದರೆ ಇದೆ. 'ಸ್ವಂತ ಭಾಷೆ, ಕಲಿತ ಭಾಷೆ' ಅಂತ ಎರಡೇ ಖಾನೆ ಇಟ್ಟಿದ್ದೀರಿ. ನಾನು ಯಾವ ಖಾನೆಯಲ್ಲಿ ಕೂತುಕೊಳ್ಳಲಿ?

ಮನೆಯಲ್ಲಿ ತೆಲುಗು. ಅಪ್ಪ, ಅಮ್ಮ, ಹೊಲ, ಸಂತೆ, ಜಗಳ, ಎಲ್ಲಾ ತೆಲುಗು. ಆದರೆ ತೆಲುಗಿನಲ್ಲಿ ಒಂದು ಅಕ್ಷರ ಬರೆಯೋಕೆ ಬರಲ್ಲ. ಬಸ್ಸಿನ ಬೋರ್ಡು ಓದುತ್ತೀನಿ, ಅದೂ ಲಿಪಿ ನಮ್ಮದರ ತಂಗಿ ಥರ ಇರೋದಕ್ಕೆ. ಒಂದನೇ ತರಗತಿಯಿಂದ ಕನ್ನಡ ಮಾಧ್ಯಮ. ಈಗ ಬೆಂಗಳೂರಲ್ಲಿ ಕೆಲಸ, ಬೆಳಗಿಂದ ಸಂಜೆ ಇಂಗ್ಲಿಷ್ ಮೇಲ್. ನನ್ನ ಮಾತೃಭಾಷೆಯಲ್ಲಿ ನಾನು ಎಲ್ಲಿ ನಿಲ್ಲುತ್ತೀನಿ ಅಂದರೆ, ಮೊದಲ ಅಕ್ಷರದಲ್ಲೇ. ನನ್ನ ಕೈ ಸರಾಗವಾಗಿ ಓಡೋದು ಕನ್ನಡದಲ್ಲಿ, ನಿಮ್ಮ ಲೆಕ್ಕದಲ್ಲಿ ಅದು ನನಗೆ 'ಕಲಿತ ಭಾಷೆ'.

ಆದರೂ ಕನ್ನಡದಲ್ಲಿ ಒಂದು ಕಡೆ ನಿಲ್ಲುತ್ತಿದ್ದೆ. ತೆಲುಗಲ್ಲಿ 'ಅಮ್ಮ ವಚ್ಚಿಂದಿ', 'ಆವು ವಚ್ಚಿಂದಿ'. ಅಮ್ಮನಿಗೂ ಹಸುವಿಗೂ ಕ್ರಿಯಾಪದ ಒಂದೇ. ಕನ್ನಡದಲ್ಲಿ ಅಮ್ಮ ಬಂದಳು, ಹಸು ಬಂತು. ಪ್ರೈಮರಿಯಲ್ಲಿ ನಾನು 'ಅಮ್ಮ ಮನೆಗೆ ಬಂತು' ಅಂತ ಬರೆದು ಮೇಷ್ಟ್ರ ಕೈಲಿ ಕಿವಿ ಹಿಂಡಿಸಿಕೊಂಡಿದ್ದೇನೆ. ಆಮೇಲಿಂದ ವಾಕ್ಯದಲ್ಲಿ ಹೆಂಗಸು ಬಂದರೆ ಕೊನೆಯ ಪದಕ್ಕೆ ಮುಂಚೆ ಪೆನ್ನು ತಾನಾಗಿ ಮೇಲೆ ಏಳೋದು. ಹೈಸ್ಕೂಲು ಮುಗಿಯೋವರೆಗೂ ಇತ್ತು. ನಾನು ಏನೂ ಯೋಚನೆ ಮಾಡ್ತಿರಲಿಲ್ಲ, ಕಿವಿ ನೆನಪು ಮಾಡಿಕೊಳ್ಳುತ್ತಿತ್ತು ಅಷ್ಟೆ.

ಕೊಬ್ಬರಿಗಿಟುಕು (ತಿಪಟೂರು)

ಕಿವಿ ನೆನಪು ಮಾಡ್ಕೊಳ್ಳೋದು 👌

ನಮ್ಮೂರಲ್ಲೂ 'ನಮ್ಮವ್ವ ಬಂತು' ಅಂತಾರೆ ಸ್ವಾಮಿ, ನಾವೇನು ತೆಲುಗರಾ. ಮೇಷ್ಟ್ರು ಸುಮ್ನೆ ಹಿಂಡಿದ್ದಾರೆ.

ಚೆಕ್ಕುಬಂದಿ (ಚಿಂತಾಮಣಿ)

ಗಡಿಮನೆಯವರು ಹೇಳಿದ್ದು ಸರಿ. ನಾನು ಪತ್ರ ಬರಹಗಾರ. ಕ್ರಯ, ವಿಭಾಗ, ದಾನಪತ್ರ, ತಾಲ್ಲೂಕು ಕಚೇರಿ ಅರ್ಜಿ. ಮೂವತ್ತನಾಲ್ಕು ವರ್ಷ ಆಯಿತು. ಬಂದವರು ತೆಲುಗಿನಲ್ಲಿ ಹೇಳುತ್ತಾರೆ, ನಾನು ಕೇಳುತ್ತಲೇ ಕನ್ನಡದಲ್ಲಿ ಬರೆಯುತ್ತಾ ಹೋಗುತ್ತೇನೆ. ನಡುವೆ ಅನುವಾದ ಅಂತ ಒಂದು ಕೆಲಸ ಆಗುವುದು ನನಗಂತೂ ಗೊತ್ತಾಗುವುದಿಲ್ಲ. ತೆಲುಗು ಕನ್ನಡ ಎರಡರಲ್ಲೂ ವಾಕ್ಯದ ಕಟ್ಟಡ ಒಂದೇ, ಕ್ರಿಯಾಪದ ಕೊನೆಗೆ. ಹೆಂಚು ಬದಲಾಯಿಸಿದರೆ ಸಾಕು, ಗೋಡೆ ಒಡೆಯಬೇಕಿಲ್ಲ.

ಹೆಂಚಿನಲ್ಲಿ ಮಾತ್ರ ಹುಷಾರಾಗಿರಬೇಕು. ತೆಲುಗಿನಲ್ಲಿ 'ಮಾಟ' ಅಂದರೆ ಮಾತು. ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗ ಒಬ್ಬ ಅರ್ಜಿಯಲ್ಲಿ 'ಸದರಿಯವರು ನನಗೆ ಮಾಟ ಕೊಟ್ಟು ಈಗ ತಪ್ಪುತ್ತಿದ್ದಾರೆ' ಅಂತ ಬರೆದಿದ್ದ. ಹಾಗೇ ಕೊಟ್ಟಿದ್ದರೆ ಪೊಲೀಸ್ ಠಾಣೆಗೋ ಮಂತ್ರವಾದಿಗೋ ಹೋಗಬೇಕಾಗಿತ್ತು. 'ಪಾಲು' ಇನ್ನೂ ಅಪಾಯ. ಅಲ್ಲಿ ಹಾಲು, ಇಲ್ಲಿ ಆಸ್ತಿ.

ನಿಲ್ಲುವ ವಿಚಾರಕ್ಕೆ ಬರುತ್ತೇನೆ. 'ಈ ಮೂಲಕ ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ' ಇಂದ ಹಿಡಿದು 'ಯಾರ ಒತ್ತಾಯಕ್ಕೂ ಒಳಗಾಗದೆ ಸ್ವಇಚ್ಛೆಯಿಂದ' ತನಕ ಕೈ ಎಲ್ಲೂ ನಿಲ್ಲುವುದಿಲ್ಲ. ಚೆಕ್ಕುಬಂದಿ ಬಂದಾಗ ಪೂರ್ವಕ್ಕೆ ಏನು, ಪಶ್ಚಿಮಕ್ಕೆ ಏನು ಅಂತ ಪಹಣಿ ನೋಡಲು ನಿಲ್ಲುತ್ತೇನೆ, ಅದು ನಿಲ್ಲುವುದಲ್ಲ, ಹುಡುಕುವುದು. ನಿಜವಾಗಿ ಪೆನ್ನು ನಿಲ್ಲುವುದು ಒಂದೇ ಕಡೆ. ಅರ್ಜಿ ಕೊಡಲು ಬಂದ ಮುದುಕಿ ತನ್ನ ಕಷ್ಟ ಹೇಳುತ್ತಾ ಅತ್ತರೆ, ಅದನ್ನು 'ಅರ್ಜಿದಾರರು ತೀವ್ರ ತೊಂದರೆಗೊಳಗಾಗಿರುತ್ತಾರೆ' ಅಂತ ಬರೆಯಬೇಕು ನೋಡಿ, ಆಗ.

ಹೋದ ವರ್ಷ ತಮ್ಮ ತೀರಿಕೊಂಡ. ಪತ್ರಿಕೆಗೆ ಶ್ರದ್ಧಾಂಜಲಿ ನಾಲ್ಕು ಸಾಲು ನೀನೇ ಬರಿ ಅಂದರು ಮನೆಯವರು. ಲಕ್ಷಗಟ್ಟಲೆ ಸಾಲು ಬರೆದ ಕೈ. ಒಂದು ಗಂಟೆ ಕೂತೆ. ಆಮೇಲೆ ಹಳೆಯ ಪತ್ರಿಕೆ ತೆಗೆದು ಯಾರದೋ ನೋಡಿ ಹೆಸರು ಬದಲಾಯಿಸಿ ಕಳಿಸಿದೆ.

ಅಮಾನಿಕೆರೆ (ತುಮಕೂರು)

@ಚೆಕ್ಕುಬಂದಿ ಏನು ಹೇಳಬೇಕೋ ತಿಳಿಯದು ಸರ್.

ನಿಮ್ಮ ಕಸುಬಿಗೆ ಹತ್ತಿರದ ಒಂದು ಅಧ್ಯಯನ ಇದೆ. ಸ್ಖಿಲ್‌ಪೆರೋರ್ಡ್ ಅನ್ನುವ ಡಚ್ ವಿದ್ವಾಂಸರು 1996ರಲ್ಲಿ ಪ್ರಕಟಿಸಿದ್ದು. ವಕೀಲರು ದಿನನಿತ್ಯದ ಪತ್ರಗಳನ್ನು ಯಂತ್ರಕ್ಕೆ ಉಕ್ತಲೇಖನ ಕೊಡುವಾಗ ಎಲ್ಲೆಲ್ಲಿ ನಿಲ್ಲುತ್ತಾರೆ ಅಂತ ಅಳೆದರು. ಬಾಯಿಯಲ್ಲಿ ಹೇಳುವುದಾದ್ದರಿಂದ ಬೆರಳಿನ ತಕರಾರಿಲ್ಲ ನೋಡಿ, ಕೀಲಿಮಣೆಯವರು ಒಪ್ಪಬಹುದು.

ನಿಂತು ನಿಂತು ಬರೆಯುವುದನ್ನು ಇನ್ನೊಂದು ಕಡೆಯಿಂದಲೂ ನೋಡುತ್ತಾರೆ. ಎರಡು ನಿಲುಗಡೆಗಳ ನಡುವೆ ಒಂದೇ ಉಸಿರಿಗೆ ಎಷ್ಟು ಪದ ಬರುತ್ತೆ ಅಂತ ಎಣಿಸುವುದು. ಅಮೆರಿಕದ ಶೆನೊವೆತ್ ಮತ್ತು ಹೇಯ್ಸ್ 2001ರಲ್ಲಿ ಇಂಗ್ಲಿಷ್ ಮನೆಭಾಷೆಯ ವಿದ್ಯಾರ್ಥಿಗಳಿಗೆ ಇಂಗ್ಲಿಷಿನಲ್ಲೂ, ಅವರು ಕಲಿಯುತ್ತಿದ್ದ ಫ್ರೆಂಚ್ ಅಥವಾ ಜರ್ಮನಿನಲ್ಲೂ ಬರೆಸಿದರು. ಇಂಗ್ಲಿಷಿನಲ್ಲಿ ಉಸಿರು ಉದ್ದ, ಕಲಿತದ್ದರಲ್ಲಿ ಗಿಡ್ಡ. ಹೆಚ್ಚು ಸೆಮಿಸ್ಟರ್ ಕಲಿತವರಿಗೆ ಆ ಗಿಡ್ಡ ಉಸಿರೂ ಉದ್ದವಾಗಿತ್ತು. ಅಂದರೆ ತಾಯಿ ಹಾಲಿನ ಜೊತೆ ಬಂದಿದ್ದೇ ಎಲ್ಲಾ ಅಲ್ಲ, ರೂಢಿಗೂ ಪಾಲಿದೆ. (ಪಾಲು ಅಂದರೆ ಇಲ್ಲಿ ಕನ್ನಡದ ಪಾಲು.)

ಹೊಂಗೆನೆರಳು (ಮಾಲೂರು)

ನಿವೃತ್ತ ಕನ್ನಡ ಅಧ್ಯಾಪಕ. ತಡವಾಗಿ ಬಂದೆ.

ಗಡಿಮನೆಯವರ ಮಾತಿಗೆ ದೊಡ್ಡ ಸಾಕ್ಷಿ ನಮ್ಮ ತಾಲ್ಲೂಕಿನಲ್ಲೇ ಇದೆ. 1891ರಲ್ಲಿ ಹುಟ್ಟಿದ ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರ ಮನೆಮಾತು ತಮಿಳು. ಓದಿದ್ದು ಇಂಗ್ಲಿಷ್ ಸಾಹಿತ್ಯದ ಎಂ.ಎ., ಮಾಡಿದ್ದು ಸರ್ಕಾರಿ ಅಧಿಕಾರಿಯ ಕೆಲಸ. ಬರೆದದ್ದು ಕನ್ನಡ, ಅದೂ ಪಕ್ಕದ ಜಗಲಿಯಲ್ಲಿ ಕೂತು ಮಾತಾಡಿದ ಹಾಗಿನ ಕನ್ನಡ. 1983ರ ಜ್ಞಾನಪೀಠ ಬಂದದ್ದು ಆ ಕನ್ನಡಕ್ಕೆ. ಬೇಂದ್ರೆಯವರ ಮನೆಮಾತು ಮರಾಠಿ. ಕಾರ್ನಾಡರದು ಕೊಂಕಣಿ. ಇವರ ಕೀಲಿ ಎಣಿಸುವ ಯಂತ್ರ ಆಗ ಇರಲಿಲ್ಲ, ಇದ್ದಿದ್ದರೆ ಯಾವ ಖಾನೆಗೆ ಹಾಕುತ್ತಿದ್ದರೋ.

ಇನ್ನು ನಿಲ್ಲುವುದು ಅಂದ ತಕ್ಷಣ ನನಗೆ ನೆನಪಾಗುವುದು ಯತಿ. ಸಂಸ್ಕೃತ ವೃತ್ತಗಳಲ್ಲಿ ಇಂಥ ಅಕ್ಷರದ ಮೇಲೆ ನಿಲ್ಲಲೇಬೇಕು ಅಂತ ನಿಯಮ. ನಮ್ಮ ಹಳೆಗನ್ನಡ ಕವಿಗಳು ಅದೇ ವೃತ್ತಗಳನ್ನು ತಂದುಕೊಂಡು, ಯತಿಯನ್ನು ಮಾತ್ರ ಲೆಕ್ಕಿಸದೆ ದಾಟಿಕೊಂಡು ಹೋದರು. ಬದಲಿಗೆ ಅವರು ಕಟ್ಟಿಹಾಕಿಕೊಂಡದ್ದು ಆದಿಪ್ರಾಸಕ್ಕೆ. ಪ್ರತಿ ಸಾಲಿನ ಎರಡನೆಯ ಅಕ್ಷರಕ್ಕೆ ಬರುವಷ್ಟರಲ್ಲಿ ಕವಿಯ ಕಂಠ ಒಮ್ಮೆ ನಿಲ್ಲಲೇಬೇಕು, ಪ್ರಾಸ ಸಿಕ್ಕಿದ ಮೇಲೆ ಮುಂದಿನ ದಾರಿ. ಆ ಕಟ್ಟು ಬಿಚ್ಚಿದವರಲ್ಲಿ ಪ್ರಮುಖರು ನಿಮ್ಮ ತುಮಕೂರು ಜಿಲ್ಲೆಯ ಸಂಪಿಗೆಯಲ್ಲಿ 1884ರಲ್ಲಿ ಹುಟ್ಟಿದ ಬಿ.ಎಂ.ಶ್ರೀ. ಇಂಗ್ಲಿಷ್ ಪ್ರಾಧ್ಯಾಪಕರು, ಇಂಗ್ಲಿಷ್ ಕವಿತೆಗಳನ್ನು ಕನ್ನಡಕ್ಕೆ ತರುವಾಗ ಅದನ್ನು ಕೈಬಿಟ್ಟರು. ಪರಭಾಷೆಯ ಸಹವಾಸ ಸ್ವಂತ ಭಾಷೆಯ ಒಂದು ನಿಲುಗಡೆಯನ್ನು ತೆಗೆದುಹಾಕಿದ್ದು ಹೀಗೆ. ಅಮಾನಿಕೆರೆಯವರ ವಿದ್ವಾಂಸರು ಇದನ್ನೂ ಅಳೆಯಲಿ.

ಕೊಬ್ಬರಿಗಿಟುಕು (ತಿಪಟೂರು)

ಸರ್, ನಂದು ಮನೇಲೂ ಕನ್ನಡ, ಸ್ಕೂಲಲ್ಲೂ ಕನ್ನಡ, ಏಳು ತಲೆಮಾರು ಕನ್ನಡ. ನಾನು ಯಾಕೆ ನಿಲ್ತೀನಿ ಹಾಗಾದ್ರೆ? ತಮಾಷೆ ಅಲ್ಲ, ಈಗ ನಿಜ ಹೇಳ್ತೀನಿ.

ನಮ್ಮ ಕಡೆ 'ಹ' ಬಾಯಲ್ಲಿ ಬರಲ್ಲ. ಹಕ್ಕಿಯೂ ಅಕ್ಕಿ, ಹಾಲೂ ಆಲು. ಉಕ್ತಲೇಖನದಲ್ಲಿ ಹತ್ತಕ್ಕೆ ನಾಲ್ಕು. ಇವತ್ತಿಗೂ 'ಹೊಲ' ಬರೆಯೋಕೆ ಮುಂಚೆ ಅರೆಕ್ಷಣ ತಡೀತೀನಿ. ಶ, ಷ, ಸ ಬಂದ್ರೆ ಮುಗೀತು. ಮಹಾಪ್ರಾಣ ಅಂದ್ರೆ ನನ್ನ ಪ್ರಾಣವೇ ಹೋಗುತ್ತೆ. ಮಾತಾಡೋ ಕನ್ನಡ ನಮ್ಮವ್ವನ್ದು, ಬರೆಯೋ ಕನ್ನಡ ಯಾರ್ದೋ. 'ಬತ್ತೀನಿ' ಅಂತ ಮನಸ್ಸಲ್ಲಿ ಬರುತ್ತೆ, 'ಬರುತ್ತೇನೆ' ಅಂತ ಕೈ ಬರೀಬೇಕು. ಪ್ರತಿ ಕ್ರಿಯಾಪದಕ್ಕೂ ಒಂದು ಸುಂಕದಕಟ್ಟೆ.

ಭಾಷಾವಿಜ್ಞಾನಿ ಡಿ.ಎನ್. ಶಂಕರ ಭಟ್ಟರು ಮಹಾಪ್ರಾಣ ಕನ್ನಡದ ಬರಹಕ್ಕೆ ಬೇಡವೇ ಬೇಡ ಅಂದಾಗ ನಾನೊಬ್ಬ ಎದ್ದು ನಿಂತು ಚಪ್ಪಾಳೆ ಹೊಡೆದವನು.

ಹೊಂಗೆನೆರಳು (ಮಾಲೂರು)

ಚಪ್ಪಾಳೆ ಹೊಡೆಯಿರಿ, ಅಡ್ಡಿಯಿಲ್ಲ. ಆದರೆ ಮಹಾಪ್ರಾಣ ತೆಗೆದರೆ ಈಗಾಗಲೇ ಅದರಲ್ಲಿ ಕಣ್ಣು ಪಳಗಿದ ಕೋಟಿ ಜನ ಓದುವಾಗ ತಡವರಿಸುತ್ತಾರೆ. ನಿಮ್ಮ ಪೆನ್ನಿನ ನಿಲುಗಡೆ ಅವರ ಕಣ್ಣಿಗೆ ವರ್ಗವಾಗುತ್ತದೆ, ಅಷ್ಟೇ.

ಕೊಬ್ಬರಿಗಿಟುಕು (ತಿಪಟೂರು)

ಅವರು ಒಂದು ವರ್ಷ ತಡವರಿಸಲಿ. ನಾವು ಎಷ್ಟೋ ತಲೆಮಾರಿಂದ ತಡವರಿಸ್ತಾ ಇದೀವಿ.

ಕೀಲಿಮಣೆ (ಕೋಲಾರ)

ಈ ಜಗಳ ಇಲ್ಲಿ ಬೇಡ ಅಂತ ಕೈ ಮುಗಿದು ಕೇಳ್ಕೋತೀನಿ. ಹೋದ ಸಲ ಇದೇ ವಿಷಯಕ್ಕೆ ಇನ್ನೂರು ಕಾಮೆಂಟ್ ಬಿದ್ದು ಮೂಲ ಪ್ರಶ್ನೆ ಏನಿತ್ತು ಅನ್ನೋದೇ ಮರೆತೋಗಿತ್ತು.

ಗೂಡುಮಾರ್ಕೆಟ್ (ಶಿಡ್ಲಘಟ್ಟ)

ನಂದು ಇನ್ನೊಂದು ಖಾನೆ ಸೇರಿಸಿಕೊಳ್ಳಿ. ಮನೆಯಲ್ಲಿ ದಖ್ಖನಿ, ಅಂದರೆ ನಮ್ಮ ಕಡೆಯ ಆಡುಮಾತಿನ ಉರ್ದು. ಮದರಸಾದಲ್ಲಿ ಸ್ವಲ್ಪ ಉರ್ದು ಓದು ಬರಹ. ಶಾಲೆ ಕನ್ನಡ. ಅಂಗಡಿ ಬೀದಿಯಲ್ಲಿ ತೆಲುಗು ಅರ್ಥವಾಗುತ್ತೆ.

ಉರ್ದು ನಮ್ಮದೇ ಭಾಷೆ ಅಂತಾರೆ, ಆದರೆ ಉರ್ದು ಬರೆಯುವಾಗಲೇ ನಾನು ಜಾಸ್ತಿ ನಿಲ್ಲೋದು. ನಾವು ಮನೆಯಲ್ಲಿ 'ಮೈ ಬೋಲ್ಯಾ' ಅಂತೀವಿ. ಪುಸ್ತಕದ ಉರ್ದುವಿನಲ್ಲಿ 'ಮೈಂ ನೇ ಕಹಾ'. ಆ 'ನೇ' ನಮ್ಮ ಬಾಯಲ್ಲಿ ಇಲ್ಲವೇ ಇಲ್ಲ. ಎಲ್ಲಿ ಹಾಕಬೇಕು, ಎಲ್ಲಿ ಬಿಡಬೇಕು ಅಂತ ಪ್ರತಿ ಸಲ ನಿಂತು ನೋಡಬೇಕು. ಕನ್ನಡದಲ್ಲಿ ಆ ಗೋಜಿಲ್ಲ. ಹತ್ತಿರದ ಸಂಬಂಧಿಕರ ಮನೆಯಲ್ಲಿ ಹೇಗೆ ಕೂರಬೇಕು ಅಂತ ಯೋಚನೆ ಜಾಸ್ತಿ ಆಗುತ್ತಲ್ಲ, ಹಾಗೆ. ದೂರದವರ ಮನೆಯಲ್ಲಿ ಒಂದೇ ಸಲ ರೀತಿ ಕಲಿತುಬಿಟ್ಟರೆ ಮುಗೀತು.

ಲೆಕ್ಕ ಮಾತ್ರ ಯಾವತ್ತೂ ದಖ್ಖನಿಯಲ್ಲೇ. ರೇಷ್ಮೆ ಗೂಡಿನ ಲಾಟು, ತೂಕ, ಬೆಲೆ ಕನ್ನಡದಲ್ಲಿ ಪುಸ್ತಕಕ್ಕೆ ಬರೆಯುತ್ತಿರುತ್ತೀನಿ, ಅಂಕಿ ಬಂದ ಕಡೆ ತುಟಿ ಅಲ್ಲಾಡುತ್ತೆ. ನಮ್ಮಣ್ಣ ನಗ್ತಾನೆ.

ಅಮಾನಿಕೆರೆ (ತುಮಕೂರು)

@ಗೂಡುಮಾರ್ಕೆಟ್ ನಿಮ್ಮ ತುಟಿ ಅಲ್ಲಾಡುವುದು ನಗುವ ವಿಷಯ ಅಲ್ಲ. ಮೇಲೆ ಹೇಳಿದ ಅದೇ ಇಬ್ಬರು 2003ರಲ್ಲಿ ಇನ್ನೊಂದು ಪ್ರಯೋಗ ಮಾಡಿದರು. ಮಾತಿಲ್ಲದ ವ್ಯಂಗ್ಯಚಿತ್ರ ತೋರಿಸಿ ಅದನ್ನು ವಿವರಿಸಿ ವಾಕ್ಯ ಬರೆಯಿರಿ ಅಂದರು. ಬರೆಯುವಷ್ಟು ಹೊತ್ತೂ ಬಾಯಲ್ಲಿ 'ಟ್ಯಾಪ್, ಟ್ಯಾಪ್, ಟ್ಯಾಪ್' ಅಂತ ಹೇಳುತ್ತಲೇ ಇರಬೇಕು. ಬಾಯಿಗೆ ಬೇರೆ ಕೆಲಸ ಕೊಟ್ಟರೆ ಒಳಗಿನ ದನಿಗೆ ಜಾಗ ಇರುವುದಿಲ್ಲ. ಹೋಲಿಕೆಗೆ ಸುಮ್ಮನೆ ಕಾಲಲ್ಲಿ ತಾಳ ಹಾಕುತ್ತಾ ಬರೆಯಿಸಿದ್ದೂ ಇತ್ತು. ಟ್ಯಾಪ್ ಅನ್ನುತ್ತಾ ಬರೆದಾಗ ಒಂದು ಉಸಿರಿನ ಪದಗಳು ಕಡಿಮೆಯಾದವು, ತಪ್ಪುಗಳು ಹೆಚ್ಚಾದವು. ಬರೆಯುವವರೆಲ್ಲ ಒಳಗೊಳಗೇ ಮಾತಾಡಿಕೊಳ್ಳುತ್ತಾರೆ. ನಿಮ್ಮದು ಸ್ವಲ್ಪ ಹೊರಗೆ ಕಾಣುತ್ತದೆ, ಅಷ್ಟೆ.

ನಾನೂ ಮಾಡಿ ನೋಡಿದೆ. 'ಟ್ಯಾಪ್' ಬದಲು 'ರಾಮ ರಾಮ' ಅನ್ನುತ್ತಾ ರಜೆ ಅರ್ಜಿ ಬರೆದೆ. ಇಂಗ್ಲಿಷ್ ಅರ್ಜಿ ಸಲೀಸಾಗಿ ಮುಗಿಯಿತು, ಚೆಕ್ಕುಬಂದಿಯವರ 'ವಿನಂತಿಸಿಕೊಳ್ಳುವುದೇನೆಂದರೆ' ಥರ ಅದು ಬೆರಳಿಗೇ ಗೊತ್ತಿದೆ. ಆಮೇಲೆ ಮಗಳಿಗೆ ಕನ್ನಡದಲ್ಲಿ ನಾಲ್ಕು ಸಾಲು ಬರೆಯೋಣ ಅಂತ ಹೊರಟರೆ ಎರಡನೇ ಸಾಲಿಗೇ ರಾಮನನ್ನು ಬಿಟ್ಟೆ. ಇಷ್ಟು ವರ್ಷ ಇಂಗ್ಲಿಷ್ ಕಲಿಸಿ ನನಗೆ ಅರ್ಥವಾಗದ್ದು ಇದು. ನನಗೆ ಇಂಗ್ಲಿಷಿನಲ್ಲಿ ನಿಲುಗಡೆ ಕಡಿಮೆ, ಯಾಕೆಂದರೆ ಅದರಲ್ಲಿ ನಾನು ಹೇಳುವುದೇ ಕಡಿಮೆ.

ಗಡಿಮನೆ (ಬಾಗೇಪಲ್ಲಿ)

ಕೊನೆಯ ಸಾಲು ನನ್ನ ಆಫೀಸಿನ ಮೇಲ್‌ಗೂ ಹೊಂದುತ್ತೆ ಮೇಡಂ.

ಆದರೆ ಇಂಗ್ಲಿಷಲ್ಲಿ ನನಗೆ ಒಂದು ಕಡೆ ಪಕ್ಕಾ ಬ್ರೇಕ್ ಬೀಳುತ್ತೆ, ಕರ್ತೃ ಬರೆದ ಮೇಲೆ. ಕನ್ನಡದಲ್ಲಾದರೆ 'ಅವರು ನಿನ್ನೆ ಕಳಿಸಿದ ಫೈಲು ನೋಡಿ, ತಪ್ಪು ಗುರುತು ಹಾಕಿ, ವಾಪಸ್...' ಅಂತ ಹೋಗುತ್ತಲೇ ಇರಬಹುದು, ಕೊನೆಗೆ 'ಕಳಿಸಿದೆ' ಅನ್ನಬೇಕೋ 'ಕಳಿಸಲಿಲ್ಲ' ಅನ್ನಬೇಕೋ ಅಲ್ಲಿಗೆ ಹೋದಾಗ ನೋಡಿಕೊಂಡರಾಯಿತು. ಇಂಗ್ಲಿಷಲ್ಲಿ ಎರಡನೇ ಪದಕ್ಕೇ ಏನು ಮಾಡಿದೆ ಅಂತ ಒಪ್ಪಿಸಬೇಕು. ಬಾಗಿಲಲ್ಲೇ ಟಿಕೆಟ್ ಕೇಳಿದ ಹಾಗೆ.

ಹೊಂಗೆನೆರಳು (ಮಾಲೂರು)

ತಿರುಗಾ ಮುರುಗಾ ಕೂಡ ಇದೆ. 'ನಿನ್ನೆ ಸಂತೆಯಲ್ಲಿ ನಮ್ಮ ಭಾವನ ಜೊತೆ ಜಗಳವಾಡಿದ' ಎಂದು ಬರೆದಿದ್ದೀರಿ ಎನ್ನಿ. ಮುಂದೆ ಬರುವವನು ಯಾರು ಎಂದು ಮೊದಲೇ ತಿಳಿದಿರಬೇಕು. ಇಂಗ್ಲಿಷಿನವರು ಆಳನ್ನು ಮೊದಲು ನಿಲ್ಲಿಸಿ ಆಮೇಲೆ ಅವನ ಚರಿತ್ರೆ ಹೇಳುತ್ತಾರೆ. ನಾವು ಚರಿತ್ರೆಯೆಲ್ಲ ಹೇಳಿ ಆಳನ್ನು ಕರೆಯುತ್ತೇವೆ. ಆ ಭಾಷೆಯಿಂದ ಅನುವಾದ ಮಾಡುವವರು ಉದ್ದ ವಾಕ್ಯದ ನಡುವೆ ಪೆನ್ನು ಕಚ್ಚಿಕೊಂಡು ಕೂರುವುದು ಇಲ್ಲೇ. ನಾನೂ ಕೂತಿದ್ದೇನೆ.

ಕೀಲಿಮಣೆ (ಕೋಲಾರ)

ಗಡಿಮನೆ, ಒಂದು ಕುತೂಹಲ. ತೆಲುಗು ಲಿಪಿ ಬರಲ್ಲ ಅಂದ್ರಿ. ಕನ್ನಡ ಲಿಪಿಯಲ್ಲಿ ತೆಲುಗು ಬರೆದು ನೋಡಿದ್ದೀರಾ? ಭಜನೆ ಪುಸ್ತಕ ಮಾಡಿಸೋಕೆ ಬರೋರು ಎಷ್ಟೋ ಜನ ಹಾಗೇ ತರ್ತಾರೆ. ಕೈವಾರ ತಾತಯ್ಯನವರು ತೆಲುಗು ಕನ್ನಡ ಎರಡರಲ್ಲೂ ಹಾಡಿದವರು, ಆ ತೆಲುಗನ್ನ ಕನ್ನಡ ಅಕ್ಷರದಲ್ಲಿ ಓದೋರು ನಮ್ಮ ಕಡೆ ಬೇಕಾದಷ್ಟು. ಬೆರಳಿನ ತೊಡಕು ಇರಲ್ಲ, ಭಾಷೆ ಮನೇದು. ಆಗ ಎಲ್ಲಿ ನಿಲ್ತೀರಾ ನೋಡಿ ಹೇಳಿ.

ಗಡಿಮನೆ (ಬಾಗೇಪಲ್ಲಿ)

ಇಷ್ಟು ವರ್ಷ ತಲೆಗೆ ಬಂದಿರಲಿಲ್ಲ. ಈ ಭಾನುವಾರ ಮಾಡ್ತೀನಿ.

ಗಡಿಮನೆ (ಬಾಗೇಪಲ್ಲಿ)

ಮಾಡಿದೆ. ಊರಲ್ಲಿರೋ ನಮ್ಮವ್ವನಿಗೆ, ಅಂದರೆ ಅಜ್ಜಿಗೆ, ಒಂದು ಇನ್‌ಲ್ಯಾಂಡ್ ಲೆಟರ್. ಪೆನ್ನಲ್ಲೇ.

'ಅವ್ವಾ, ನೇನು ಬಾಗುನ್ನಾನು' ಅಂತ ಬರೆದೆ. ನಾನು ಚೆನ್ನಾಗಿದ್ದೀನಿ ಅಂತ. ಅಲ್ಲಿಗೆ ನಿಂತೆ. ಪದ ಬೇಕಾದಷ್ಟಿವೆ, ಅಕ್ಷರದ ತೊಂದರೆ ಇಲ್ಲ, ಕ್ರಿಯಾಪದದ ತೊಂದರೆ ಇಲ್ಲ. ಅವ್ವನ ಹತ್ತಿರ ಇದುವರೆಗೆ ಎದುರಿಗೆ ಕೂತು ಮಾತಾಡಿದ್ದೇ ಹೊರತು, ಆಕೆ ಇಲ್ಲದ ಕಡೆ ಆಕೆಗೆ ಏನಾದರೂ ಹೇಳಿದ್ದೇ ಇಲ್ಲ. ಆಕೆ 'ಮತ್ತೆ?' ಅನ್ನಬೇಕು, ಆಗ ನನಗೆ ಮುಂದಿನ ಮಾತು ಬರೋದು. ಕಾಗದ 'ಮತ್ತೆ' ಅನ್ನಲ್ಲ. ಶಾಲೆಯಲ್ಲಿ ಕನ್ನಡದಲ್ಲಿ 'ತೀರ್ಥರೂಪು ತಂದೆಯವರಿಗೆ' ಅಂತ ಕಲಿಸಿದ್ದರಲ್ಲ, ಅದರ ತೆಲುಗು ನನಗೆ ಯಾರೂ ಕಲಿಸಿಲ್ಲ. ಇಪ್ಪತ್ತು ನಿಮಿಷ ಆದಮೇಲೆ ಮಳೆ ಬಂತಾ, ಕಡ್ಲೇಕಾಯಿ ಹಾಕಿದ್ರಾ ಅಂತ ಆಕೆಯನ್ನೇ ಪ್ರಶ್ನೆ ಕೇಳಿ ಮುಗಿಸಿದೆ. ಒಟ್ಟು ಒಂಬತ್ತು ಸಾಲು.

ಕನ್ನಡದಲ್ಲಾಗಿದ್ದರೆ ಎರಡು ಪುಟ ಬರೀತಿದ್ದೆ. ಇಂಗ್ಲಿಷಲ್ಲಾಗಿದ್ದರೆ ಐದು ನಿಮಿಷ ಸಾಕಾಗಿತ್ತು, ಚುಕ್ಕಿ ಹಾಕಿ ಪಾಯಿಂಟ್ ಮಾಡಿ.

ಚೆಕ್ಕುಬಂದಿ (ಚಿಂತಾಮಣಿ)

ನಿಮ್ಮ ಅಜ್ಜಿಗೆ ಓದಲು ಬರುತ್ತದೆಯೇ?

ಗಡಿಮನೆ (ಬಾಗೇಪಲ್ಲಿ)

ಇಲ್ಲ. ಪಕ್ಕದ ಮನೆ ಹುಡುಗಿ ಓದಿ ಹೇಳುತ್ತಾಳೆ, ಏಳನೇ ಕ್ಲಾಸು. ಕನ್ನಡ ಅಕ್ಷರ ನೋಡಿ ಕನ್ನಡವೇ ಅಂದುಕೊಂಡು ಶುರು ಮಾಡಿದಳಂತೆ, 'ನೇನು' ಬಂದ ಕಡೆ ನಿಂತು ಇನ್ನೊಂದು ಸಲ ನೋಡಿದಳಂತೆ. ಆಮೇಲೆ ಸಲೀಸಾಗಿ ಓದಿದಳು. ನಿನ್ನೆ ರಾತ್ರಿ ಅವ್ವ ಫೋನ್ ಮಾಡಿ ಒಂಬತ್ತು ಸಾಲಿಗೂ ಉತ್ತರ ಹೇಳಿದರು. ಕಡ್ಲೇಕಾಯಿ ಇನ್ನೂ ಹಾಕಿಲ್ಲ.